ರಸ್ತೆ ದುರಸ್ತಿ ನಡೆಯುವ ಜಾಗಕ್ಕಿಂತ ಅಷ್ಟು ದೂರದಲ್ಲೇ ಕೋನ್ ಇಟ್ಟು, ನಡುವೆ ಖಾಲಿ ಬಿಡುವುದೇಕೆ?

ಆ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕ ನೋಡಿ, ಬ್ರೇಕ್ ಒತ್ತಲು ಎರಡು ಸೆಕೆಂಡ್ ತೆಗೆದುಕೊಂಡರೂ 44 ಮೀಟರ್ ಹೋಯಿತು. ಗಾಡಿ ನಿಲ್ಲಲು ಬೇಕಾದ ದೂರ ಅದರ ಮೇಲೆ. ಮಳೆ ಬಂದಿದ್ದರೆ, ಲಾರಿಯಲ್ಲಿ ಲೋಡ್ ಇದ್ದರೆ ಇನ್ನೂ ಜಾಸ್ತಿ.

ಅದಕ್ಕೇ ಮೊದಲು ಎಚ್ಚರಿಕೆ ಫಲಕ, ಆಮೇಲೆ ಗಾಡಿಗಳನ್ನು ಪಕ್ಕದ ಲೇನ್‌ಗೆ ಸರಿಸುವ ಓರೆ ಸಾಲಿನ ಕೋನ್‌ಗಳು, ನಂತರ ಖಾಲಿ ಜಾಗ, ಕೊನೆಗೆ ಕೆಲಸಗಾರರು. ಯಾರಾದರೂ ಫೋನ್ ನೋಡುತ್ತಾ ಕೋನ್ ಗುದ್ದಿ ಒಳಗೆ ನುಗ್ಗಿದರೂ ನಿಲ್ಲಲು ಅಷ್ಟು ದೂರ ಸಿಗಲಿ ಅಂತ. ಅಲ್ಲಿ ಜಲ್ಲಿ ಸುರಿಯುವುದು, ಬೈಕ್ ನಿಲ್ಲಿಸುವುದು ತಪ್ಪು. ವೇಗದ ರಸ್ತೆಗಳಲ್ಲಿ ಗಾಡಿಗಳು ಬರುವ ಕಡೆ, ಕೆಲಸಗಾರರಿಗಿಂತ ಮೊದಲೇ, ಡಿಕ್ಕಿಯ ಹೊಡೆತ ಹೀರಿಕೊಳ್ಳುವ ಸಾಧನ ಕಟ್ಟಿದ ಟ್ರಕ್ ಕೂಡ ನಿಲ್ಲಿಸುತ್ತಾರೆ.

ನನ್ನ ಪ್ರಕಾರ ಹೆಚ್ಚು ಅಪಾಯ ಕೋನ್ ಇಡುವಾಗ ಮತ್ತು ತೆಗೆಯುವಾಗ. ಇಡುವಾಗ ದೂರದ ಫಲಕದಿಂದ ಶುರು ಮಾಡಬೇಕು. ತೆಗೆಯುವಾಗ ಉಲ್ಟಾ, ಆ ಫಲಕ ಕಟ್ಟಕಡೆಗೆ.

ಹೊರಗಿನ ಗಾಡಿಗಳಷ್ಟೇ ಅಲ್ಲ, ಒಳಗೆ ರಿವರ್ಸ್ ಬರುವ ಟಿಪ್ಪರ್, ರೋಲರ್‌ಗಳೂ ಜೀವ ತೆಗೆಯುತ್ತವೆ. ಚಾಲಕನ ಕನ್ನಡಿಯಲ್ಲಿ ಹಿಂದಿನದೆಲ್ಲ ಕಾಣುವುದಿಲ್ಲ, ಅಲ್ವಾ? ಸನ್ನೆ ಮಾಡಲು ಒಬ್ಬರು ಇರಲೇಬೇಕು. ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕಿತ್ತು ತೆಗೆಯಬಾರದು, ಚರ್ಮವೂ ಕಿತ್ತು ಬರುತ್ತದೆ. ತಕ್ಷಣ ತಣ್ಣೀರು ಸುರಿಯುತ್ತಲೇ ಇದ್ದು, ಆಸ್ಪತ್ರೆಗೆ ಕರೆದೊಯ್ಯಿರಿ.