ಕೆನ್ಯಾದ ಹಳ್ಳಿ ಶಾಲೆಯ ಮಕ್ಕಳಿಗಾಗಿ ಸಣ್ಣದೊಂದು ಟ್ರಸ್ಟ್ ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋದು?

ನೈರೋಬಿಯ ನಾಲ್ಕೈದು ಕನ್ನಡದ ಮನೆಗಳು ಸೇರಿಕೊಂಡಿದ್ದೀರಿ, ಬೆಂಗಳೂರಿನ ಗೆಳೆಯರು ದುಡ್ಡು ಕೊಡೋಕೆ ತಯಾರಿದ್ದಾರೆ. ಪುಸ್ತಕ, ಯೂನಿಫಾರ್ಮ್, ಹುಳದ ಔಷಧಿ ಕೊಡಬೇಕು, ಟ್ರಸ್ಟ್ ಇಂಡಿಯಾದಲ್ಲಿ ಮಾಡಲಾ ಕೆನ್ಯಾದಲ್ಲಿ ಮಾಡಲಾ ಅಂತ ಕೇಳಿದ್ದೀರಿ. ಟ್ರಸ್ಟ್ ಮಾತು ಆಮೇಲೆ. ಮೊದಲು ಔಷಧಿ ವಿಷಯಕ್ಕೆ ಬರ್ತೀನಿ. ನಾವು ಕೈ ಸುಟ್ಟುಕೊಂಡಿದ್ದು ಅಲ್ಲೇ.

ನಾನು ಆಗ ಪಶ್ಚಿಮ ಕೆನ್ಯಾದ ಕಿಸುಮು ನಗರದಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಲುವೊ ಜನಾಂಗದ ಹುಡುಗನೊಬ್ಬನ ಊರು ಹೋಮಾ ಬೇ ಕೌಂಟಿಯಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ. ಅವನು ಓದಿದ ಪ್ರೈಮರಿ ಶಾಲೆಗೆ ಏನಾದರೂ ಮಾಡೋಣ ಅಂತ ಶುರುವಾಗಿದ್ದು. ನಿಮ್ಮ ಹಾಗೆಯೇ ಒಂದು ವಾಟ್ಸಾಪ್ ಗ್ರೂಪ್, ಒಂದು ಲೋಗೋ, ಬೆಂಗಳೂರು ಮೈಸೂರಿನಿಂದ ಚಂದಾ. ಲೋಗೋಗೆ ಎಷ್ಟು ಚರ್ಚೆ ಆಯಿತು ಅಂತ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ.

ಆ ದಡದ ಮಕ್ಕಳಿಗೆ ಬಿಲ್ಹಾರ್ಜಿಯಾ ಅನ್ನೋ ಹುಳದ ರೋಗ ಜಾಸ್ತಿ. ನಮ್ಮ ಕಡೆ ಇಲ್ಲದ ರೋಗ, ಹಾಗಾಗಿ ಬಹಳಷ್ಟು ಕನ್ನಡಿಗರು ಹೆಸರೂ ಕೇಳಿರಲ್ಲ. ಸರೋವರದ ಅಂಚಿನ ಬಸವನಹುಳುಗಳ ಮೈಯೊಳಗಿಂದ ಈ ರೋಗದ ಹುಳದ ಕಣ್ಣಿಗೆ ಕಾಣದ ಮರಿಗಳು ನೀರಿಗೆ ಬರುತ್ತವೆ. ನೀರಿಗೆ ಇಳಿದವರ ಚರ್ಮ ತೂರಿಕೊಂಡು ಒಳಗೆ ಹೋಗುತ್ತವೆ. ಮಕ್ಕಳು ಈಜುವುದು, ಹೆಂಗಸರು ಬಟ್ಟೆ ಒಗೆಯುವುದು, ಮನೆಗೆ ನೀರು ಹೊರುವುದು ಎಲ್ಲಾ ಅಲ್ಲೇ. ಹೊಟ್ಟೆನೋವು, ಮಲದಲ್ಲಿ ರಕ್ತ, ರಕ್ತಹೀನತೆ, ವರ್ಷಗಟ್ಟಲೆ ಬಿಟ್ಟರೆ ಲಿವರ್ ಕೆಡುತ್ತದೆ. ಇದಕ್ಕೆ ಮಾತ್ರೆ ಪ್ರಾಜಿಕ್ವಾಂಟೆಲ್. ನಮ್ಮೂರ ಶಾಲೆಗಳಲ್ಲಿ ಫೆಬ್ರವರಿ 10ರಂದು ಚೀಪಲು ಕೊಡ್ತಾರಲ್ಲ, ಆ ಆಲ್ಬೆಂಡಜೋಲ್ ಬೇರೆ, ಇದು ಬೇರೆ. ಅದು ಎಲ್ಲರಿಗೂ ಒಂದೇ ಮಾತ್ರೆ. ಇದು 600 ಮಿಲಿಗ್ರಾಮಿನ ದಪ್ಪ ಕಹಿ ಮಾತ್ರೆ, ತೂಕದ ಮೇಲೆ ಲೆಕ್ಕ. ತಕ್ಕಡಿ ಇಲ್ಲದ ಕಡೆ ಎತ್ತರ ಅಳೆಯುವ ಕೋಲು ಬಳಸುತ್ತಾರೆ. 94 ಸೆಂಟಿಮೀಟರ್ ದಾಟಿದ ಮಗುವಿಗೆ ಒಂದು ಮಾತ್ರೆ, ಆಮೇಲೆ ಒಂದೂವರೆ, ಎರಡು ಹೀಗೆ ಏರುತ್ತದೆ. ನಾವು ಆ ಗುರುತುಗಳನ್ನು ತರಗತಿಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ್ದೆವು. ಬಹಳ ಜಾಣರು ನಾವು.

ಈ ಮಾತ್ರೆಯನ್ನು ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕೊಡಬೇಕು. ಇದು ಗುಟ್ಟೇನಲ್ಲ. ಊಟದ ಜೊತೆ ಹೋದರೆ ಔಷಧಿ ಮೈಗೆ ಚೆನ್ನಾಗಿ ಹತ್ತುತ್ತದೆ, ವಾಕರಿಕೆಯೂ ಕಡಿಮೆ. ಹುಳ ಜಾಸ್ತಿ ಇರುವ ಮಗುವಿಗೆ ಅವು ಸಾಯುವಾಗ ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ, ತಲೆ ಸುತ್ತುತ್ತದೆ, ವಾಂತಿ ಆಗುತ್ತದೆ. ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಇದೆಲ್ಲ ನಮ್ಮ ಜೊತೆ ಬಂದಿದ್ದ ನಿವೃತ್ತ ನರ್ಸಮ್ಮನಿಗೆ ಗೊತ್ತಿತ್ತು. ಅವರು ಹೇಳಿದ್ದು ನನಗೂ ಗೊತ್ತಿತ್ತು.

ಅದು ಮೇ ತಿಂಗಳು, ದೊಡ್ಡ ಮಳೆಗಾಲ. ಹಿಂದಿನ ರಾತ್ರಿ ಸುರಿದಿತ್ತು. ಶಾಲೆಯ ಅಡುಗೆಯಾಕೆ ಬೆಳಿಗ್ಗೆಯೇ ಬಂದು ಉಜಿ ಮಾಡಲು ಕೂತಿದ್ದಳು. ಉಜಿ ಅಂದ್ರೆ ಗಂಜಿ. ಅಲ್ಲಿ ಜೋಳದ್ದು, ರಾಗಿಯದ್ದು ಎರಡೂ ಮಾಡುತ್ತಾರೆ. (ರಾಗಿ ನಮ್ಮದು ಅಂತ ಮೀಸೆ ತಿರುವಬೇಡಿ, ಅದು ಪೂರ್ವ ಆಫ್ರಿಕಾದಿಂದಲೇ ನಮ್ಮಲ್ಲಿಗೆ ಬಂದಿದ್ದು.) ಕಟ್ಟಿಗೆ ಒದ್ದೆ. ಹೊಗೆ ಬರುತ್ತಿತ್ತೇ ಹೊರತು ಉರಿ ಹತ್ತುತ್ತಿರಲಿಲ್ಲ. ಇನ್ನೊಂದು ಗಂಟೆ ಬೇಕು ಅಂದಳು. ನಮಗೆ ಹತ್ತು ಗಂಟೆಗೆ ಲೈವ್ ಇತ್ತು. ಕೆನ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿನ ಹತ್ತು ಅಂದ್ರೆ ಬೆಂಗಳೂರಿನ ಹನ್ನೆರಡೂವರೆ. ದುಡ್ಡು ಕೊಟ್ಟವರು ಆಫೀಸಿನ ಊಟದ ಹೊತ್ತಿಗೆ ಮೊಬೈಲ್ ಹಿಡಿದು ಕೂತಿರುತ್ತಾರೆ ಅಂತ ಆ ಸಮಯ ಇಟ್ಟಿದ್ದು ನಾನೇ. ನರ್ಸಮ್ಮ "ಗಂಜಿ ಆಗಲಿ" ಅಂದರು. ನಾನು "ಮಕ್ಕಳು ಮನೆಯಿಂದ ಏನಾದರೂ ತಿಂದೇ ಬಂದಿರ್ತಾರೆ ಬಿಡಿ, ಶುರು ಮಾಡೋಣ" ಅಂದೆ.

ತಿಂದು ಬಂದಿರಲಿಲ್ಲ. ಕೆಲವರು ಹಾಲಿಲ್ಲದ ಚಹಾ ಕುಡಿದಿದ್ದರು, ಕೆಲವರು ಅದೂ ಇಲ್ಲ. ಏಳಕ್ಕೂ ಮೊದಲು ಮನೆ ಬಿಟ್ಟು ನಡೆದು ಬಂದ ಮಕ್ಕಳು. ಇದನ್ನು ತಿಳಿಯೋಕೆ ಸರ್ವೆ ಬೇಕಿರಲಿಲ್ಲ, ಸಾಲಿನಲ್ಲಿ ನಿಂತ ಯಾವುದಾದರೂ ಮಗುವನ್ನು ಕೇಳಿದ್ದರೆ ಸಾಕಿತ್ತು. ಜೆರಿಕ್ಯಾನಿನ ನೀರು, ಎರಡು ಪ್ಲಾಸ್ಟಿಕ್ ಮಗ್. ಸಣ್ಣವರು ಕಹಿಗೆ ಮುಖ ಕಿವುಚಿ ಮಾತ್ರೆಯನ್ನು ಕೆನ್ನೆಯೊಳಗೆ ಒತ್ತಿಕೊಂಡು ನಿಂತಿದ್ದರು. ಲೈವ್ ಚೆನ್ನಾಗಿಯೇ ಬಂತು. ಅದು ಮುಗಿದು ಸ್ವಲ್ಪ ಹೊತ್ತಿಗೆ ಮಾವಿನ ಮರದ ಕೆಳಗೆ ಒಬ್ಬಳು ವಾಂತಿ ಮಾಡಿಕೊಂಡಳು. ಅವಳನ್ನು ನೋಡಿ ಪಕ್ಕದವಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಂಗಳದ ತುಂಬಾ ಮಕ್ಕಳು. ಹನ್ನೊಂದರ ಹೊತ್ತಿಗೆ ಗಂಜಿ ಬಂತು, ಯಾರಿಗೂ ಬೇಡ.

ಮಧ್ಯಾಹ್ನಕ್ಕೆ ಎಲ್ಲರೂ ಸುಧಾರಿಸಿದರು. ಯಾರಿಗೂ ಆಸ್ಪತ್ರೆ ಬೇಕಾಗಲಿಲ್ಲ. ಆದರೆ ಸಂಜೆಯೊಳಗೆ ಊರಿಗೆ ಸುದ್ದಿ ಹಬ್ಬಿತ್ತು: ಹೊರಗಿನವರು ಬಂದು ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗದ ಮಾತ್ರೆ ಕೊಟ್ಟಿದ್ದಾರೆ. ಹಳ್ಳಿಯವರು ಮೂಢರು ಅಂತ ಕೈತೊಳೆದುಕೊಳ್ಳಬೇಡಿ. 2014ರಲ್ಲಿ ಟೆಟನಸ್ ಲಸಿಕೆ ಬಗ್ಗೆ ಇಂಥದ್ದೇ ಸಂಶಯ ಎತ್ತಿದ್ದು ಕೆನ್ಯಾದ ಕ್ಯಾಥೊಲಿಕ್ ಬಿಷಪ್‌ಗಳು. ಟಾಂಜಾನಿಯಾದ ಮೊರೊಗೊರೊದಲ್ಲಿ 2008ರಲ್ಲಿ ಶಾಲೆಗಳಲ್ಲಿ ಇದೇ ಬಿಲ್ಹಾರ್ಜಿಯಾ ಮಾತ್ರೆ ಕೊಟ್ಟಾಗ ದೊಂಬಿಯೇ ಎದ್ದಿತ್ತು. ಆ ಕಥೆ ನನಗೆ ತಿಳಿದಿದ್ದು ನಮ್ಮದು ಆದ ಮೇಲೆ.

ಹೆಡ್ ಟೀಚರ್ ಅಪ್ಪ ಅಮ್ಮಂದಿರ ಸಭೆ ಕರೆದರು. ಮೊಮ್ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ಅಜ್ಜಿಯೊಬ್ಬಳು ಎದ್ದು ಒಂದೇ ಪ್ರಶ್ನೆ ಕೇಳಿದಳು, ನನ್ನ ಗೆಳೆಯ ಇಂಗ್ಲಿಷಿಗೆ ತಿರುಗಿಸಿದ. "ನಿಮ್ಮ ಮಕ್ಕಳಿಗೂ ಇದನ್ನು ಬರಿಹೊಟ್ಟೆಯಲ್ಲೇ ಕೊಡ್ತೀರಾ?" ನಾನು ಏನೋ ತಡವರಿಸಿದೆ. ಲೈವ್ ವಿಷಯ ಬಾಯಿಗೆ ಬರಲಿಲ್ಲ.

ನಷ್ಟ ನಮ್ಮದಾಗಿದ್ದರೆ ಪರವಾಗಿರಲಿಲ್ಲ. ಮುಂದೆ ಸರ್ಕಾರದ ಹುಳದ ಮಾತ್ರೆ ದಿನ ಬಂದಾಗ ಅರ್ಧ ಬೆಂಚು ಖಾಲಿ. ಕೆನ್ಯಾದಲ್ಲಿ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಸೇರಿ ಶಾಲೆಗಳಲ್ಲೇ ಈ ಕಾರ್ಯಕ್ರಮ ನಡೆಸುತ್ತವೆ, ತರಬೇತಿ ಪಡೆದ ಟೀಚರುಗಳೇ ಮಾತ್ರೆ ಕೊಡುತ್ತಾರೆ. ಪ್ರಾಜಿಕ್ವಾಂಟೆಲನ್ನು ಜರ್ಮನಿಯ ಮೆರ್ಕ್ ಕಂಪನಿ 2007ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ದಾನ ಕೊಡುತ್ತಿದೆ. ಅಂದ್ರೆ ಪುಕ್ಕಟೆ ಸಿಗುವ ಮಾತ್ರೆಯನ್ನು ನಾವು ಚಂದಾ ದುಡ್ಡಲ್ಲಿ ಕೊಂಡು, ತಪ್ಪು ಹೊತ್ತಲ್ಲಿ ಕೊಟ್ಟು, ಸರಿಯಾಗಿ ಕೊಡುವವರ ಕೆಲಸವನ್ನೂ ಕೆಡಿಸಿದೆವು. ಹತ್ತಿರದ ಡಿಸ್ಪೆನ್ಸರಿಗೆ ಹೋಗಿ ಸುಮ್ನೆ ಒಂದು ಮಾತು ಹೇಳಿ ಬಂದಿದ್ದೆವು. ನಿಮ್ಮ ಕಾರ್ಯಕ್ರಮ ಯಾವಾಗ, ನಾವು ಏನು ಮಾಡಬಹುದು ಅಂತ ಕೇಳಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಟ್ರಸ್ಟ್ ಬೇಡ. ಕನಿಷ್ಠ ಒಂದು ವರ್ಷ ಬೇಡ. ಇಂಡಿಯಾದಲ್ಲಿ ನೋಂದಾಯಿಸಿದ ಟ್ರಸ್ಟ್ ಹೊರದೇಶದಲ್ಲಿ ಖರ್ಚು ಮಾಡಿದ ದುಡ್ಡಿಗೆ ವಿಶೇಷ ಅನುಮತಿ ಇಲ್ಲದೆ ಆದಾಯ ತೆರಿಗೆ ವಿನಾಯಿತಿ ಸಿಗಲ್ಲ. ಕೆನ್ಯಾದಲ್ಲಿ ಇಂಥ ಸೇವಾ ಸಂಸ್ಥೆಗಳಿಗೆ ಇರುವ 2013ರ ಸಾರ್ವಜನಿಕ ಹಿತ ಸಂಸ್ಥೆಗಳ ಕಾಯ್ದೆ 2024ರ ಮೇ ತಿಂಗಳಲ್ಲಷ್ಟೇ ಜಾರಿಗೆ ಬಂತು. ವಕೀಲರನ್ನು ಹಿಡಿದು ಮಾಡಿಸಬಹುದು, ಆದರೆ ನೀವು ಐದು ಮನೆಯವರು. ಶಾಲೆಗೆ ಆಡಳಿತ ಮಂಡಳಿ ಇರುತ್ತದೆ, ಅದಕ್ಕೆ ಬ್ಯಾಂಕ್ ಖಾತೆ ಇರುತ್ತದೆ, ಅಪ್ಪ ಅಮ್ಮಂದಿರು ಅದರಲ್ಲಿ ಕೂತಿರುತ್ತಾರೆ. ಅವರ ಮೂಲಕ ಕೊಡಿ, ರಸೀದಿ ಕೇಳಿ. ನಿಮ್ಮ ಹೆಸರಿನ ಬೋರ್ಡು ಇರಲ್ಲ, ಅಷ್ಟೇ.

ಪುಸ್ತಕದ ಆಸೆಯನ್ನೂ ಬಿಡಿ. 2018ರಿಂದ ಸರ್ಕಾರವೇ ಪಠ್ಯಪುಸ್ತಕಗಳನ್ನು ನೇರವಾಗಿ ಶಾಲೆಗಳಿಗೆ ಕಳಿಸುತ್ತಿದೆ. ಅದಕ್ಕೂ ಮೊದಲು ಪಶ್ಚಿಮ ಕೆನ್ಯಾದ ಬುಸಿಯಾ ಕಡೆ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಜೊತೆಗಾರರು ಶಾಲೆಗಳಿಗೆ ಪುಸ್ತಕ ಕೊಡಿಸಿ ಅಳೆದು ನೋಡಿದ್ದರು. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಉಪಯೋಗ ಆಯಿತು, ಉಳಿದವರ ಅಂಕ ಏರಲಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿ, ಆ ಮಕ್ಕಳಿಗೆ ಇಂಗ್ಲಿಷ್ ಮೂರನೇ ಭಾಷೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅದೇ ಬುಸಿಯಾದ 75 ಶಾಲೆಗಳಲ್ಲಿ 1998ರಿಂದ ಹುಳದ ಮಾತ್ರೆ ಕೊಟ್ಟಾಗ ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು ಅಂತ ಅವರ ಲೆಕ್ಕ. ಆ ಲೆಕ್ಕದ ಬಗ್ಗೆ ಆಮೇಲೆ ವಿದ್ವಾಂಸರ ನಡುವೆ ದೊಡ್ಡ ಜಗಳವೇ ಆಯಿತು, 2019ರಲ್ಲಿ ಕ್ರೆಮರ್‌ಗೆ ನೊಬೆಲ್ಲೂ ಬಂತು. ನಾನು ಅದರೊಳಗೆ ಹೋಗಲ್ಲ. ಮಾತ್ರೆ ಬೇಕೇ ಬೇಕು. ನೀವು ಕೊಡೋದು ಬೇಡ, ಅಷ್ಟೇ ನನ್ನ ಮಾತು.

ಯೂನಿಫಾರ್ಮ್ ಕೊಡಿ, ಅದು ಒಳ್ಳೆಯದು. ಯೂನಿಫಾರ್ಮ್ ಇಲ್ಲದೆ ಶಾಲೆ ಬಿಟ್ಟ ಹುಡುಗಿಯರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೆಂಗಳೂರಿನಿಂದ ಹೊಲಿಸಿ ಕಳಿಸುವ ಹುಚ್ಚು ಬೇಡ. ಆ ಊರ ಸಂತೆಯ ಟೈಲರಿಗೆ ಹೊಲಿಯಲು ಕೊಡಿ. ಹರಿದರೆ ತೇಪೆ ಹಾಕುವವನೂ ಅವನೇ.

ನಾವು ಆಮೇಲೆ ಏನು ಮಾಡಿದೆವು ಅಂದ್ರೆ, ಜಾಸ್ತಿ ಏನೂ ಮಾಡಲಿಲ್ಲ. ಕಟ್ಟಿಗೆ ಇಡಲು ತಗಡಿನ ಚಾವಣಿ ಹಾಕಿಸಿದೆವು. ಅಡುಗೆಯಾಕೆಯ ಸಂಬಳ ಕೊಟ್ಟೆವು. ಚಾವಣಿಯ ಮಳೆನೀರು ಹಿಡಿಯಲು ಟ್ಯಾಂಕ್ ಇಡಿಸಿದೆವು. ಸರೋವರದಿಂದ ನೀರು ತರುವ ಕೆಲಸ ಮಕ್ಕಳಿಗೆ ಸ್ವಲ್ಪವಾದರೂ ತಪ್ಪಿತು. ಟ್ಯಾಂಕ್ ಇಲ್ಲದಿದ್ದರೆ ಮಾತ್ರೆ ತಿಂದ ಮಗು ಮತ್ತೆ ಅದೇ ನೀರಿಗೆ ಇಳಿಯುತ್ತೆ, ಮತ್ತೆ ಹುಳ ಹತ್ತುತ್ತೆ. ಮಾತ್ರೆ ದಿನದ ಹಿಂದಿನ ವಾರ ಊರಿನ ಆರೋಗ್ಯ ಸ್ವಯಂಸೇವಕಿ ಮನೆಮನೆಗೆ ಹೋಗಿ ಹೇಳಿದಳು. ನಮ್ಮ ಆಶಾ ಕಾರ್ಯಕರ್ತೆಯರ ಥರ, ಅದೇ ಊರಿನವಳು, ಅದೇ ಭಾಷೆಯವಳು. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಮಗ್ ಸಕ್ಕರೆ ಹಾಕಿದ ಉಜಿ. ಆಮೇಲೆ ಟೀಚರುಗಳು ಮಕ್ಕಳ ಎದುರೇ ತಾವು ಮಾತ್ರೆ ನುಂಗಿ, ನಂತರ ಸಾಲು ನಿಲ್ಲಿಸಿದರು. ನಾವು ಆ ದಿನ ಹೋಗಲೇ ಇಲ್ಲ, ಹೆಡ್ ಟೀಚರ್ ಬೇಡ ಅಂದಿದ್ದರು. ಖಾಲಿ ಬೆಂಚುಗಳು ಒಂದೇ ಸಲಕ್ಕೆ ತುಂಬಲಿಲ್ಲ. ಆ ಅಜ್ಜಿಯ ಮೊಮ್ಮಕ್ಕಳು ಬಂದರಾ ಅಂತ ಕೇಳಿದೆ, ದೊಡ್ಡವನು ಮಾತ್ರ ಬಂದಿದ್ದನಂತೆ.

ಕಟ್ಟಿಗೆ ಚಾವಣಿಯ ಫೋಟೋ ಹಾಕಿದಾಗ ಗ್ರೂಪಿನಲ್ಲಿ ಎರಡು ಹೆಬ್ಬೆರಳು ಬಂದವು. ಚಂದಾ ಕೊಡುತ್ತಿದ್ದ ಕೆಲವರು ಸದ್ದಿಲ್ಲದೆ ಎಕ್ಸಿಟ್ ಆದರು. ನಿಮಗೂ ಆಗುತ್ತೆ. ಅವರನ್ನು ಉಳಿಸಿಕೊಳ್ಳೋಕೆ ಅಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ.

ಶಾಲೆ ನೋಡೋಕೆ ಹೋದಾಗ ಏನು ಬೇಕು ಅಂತ ಕೇಳಬೇಡಿ, ಕಂಪ್ಯೂಟರ್ ಅಂತಾರೆ. ಬೆಳಿಗ್ಗೆ ಮಕ್ಕಳು ಏನು ತಿಂದು ಬರುತ್ತಾರೆ, ಅಡುಗೆಯವರಿಗೆ ಸಂಬಳ ಯಾರು ಕೊಡುತ್ತಾರೆ, ನೀರು ಎಲ್ಲಿಂದ ಬರುತ್ತೆ, ಮಾತ್ರೆ ದಿನ ಯಾವಾಗ ಅಂತ ಕೇಳಿ. ಜನವರಿ ಮೊದಲ ವಾರದಲ್ಲಿ ಹೋಗಬೇಡಿ, ಹೊಸ ವರ್ಷದ ದಾಖಲಾತಿ ಗಡಿಬಿಡಿಯಲ್ಲಿ ಹೆಡ್ ಟೀಚರಿಗೆ ಪುರುಸೊತ್ತು ಇರಲ್ಲ. ಫೆಬ್ರವರಿಯಲ್ಲಿ ಹೋಗಿ. ಇಬ್ಬರು ಹೋದರೆ ಸಾಕು.