ಕಲಬುರಗಿಯಲ್ಲಿರುವ ನಮ್ಮ ಹಳೆ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಜಾಸ್ತಿ ಅನುಪಾತದ ರಾಕರ್ ಹಾಕಿದರೆ ವಾಲ್ವ್ ನಿಜಕ್ಕೂ ಹೆಚ್ಚು ತೆರೆಯುತ್ತಾ? ಅಳೆಯೋದು ಹೇಗೆ?

ಹೌದು, ಹೆಚ್ಚು ತೆರೆಯುತ್ತದೆ. ಆದರೆ ರಾಕರ್ ಡಬ್ಬಿ ಮೇಲೆ ಬರೆದ ಅನುಪಾತ ನಂಬಬೇಡಿ, ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕ) ಇಟ್ಟು ನೋಡಿ.

ರಾಕರ್ ಅಂದರೆ ಏತದ ಹಾಗೆ ಮಧ್ಯದಲ್ಲಿ ಆಧಾರವಿರುವ ಸನ್ನೆ. ಒಂದು ತುದಿಯನ್ನು ಪುಶ್‌ರಾಡ್ ಎಂಬ ಉದ್ದನೆಯ ಕಡ್ಡಿ ಎತ್ತುತ್ತದೆ, ಇನ್ನೊಂದು ತುದಿ ವಾಲ್ವ್ ಒತ್ತುತ್ತದೆ. ಪುಶ್‌ರಾಡ್ 6 ಮಿ.ಮೀ. ಎದ್ದರೆ 1.4 ಅನುಪಾತದಲ್ಲಿ ವಾಲ್ವ್ 8.4 ಮಿ.ಮೀ. ಇಳಿಯಬೇಕು, 1.6ರಲ್ಲಿ 9.6. ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು) ಮತ್ತು ಪುಶ್‌ರಾಡ್‌ನ ಬಾಗು ಇದರಲ್ಲಿ ಸ್ವಲ್ಪ ತಿನ್ನುತ್ತವೆ.

ಅಳೆಯುವಾಗ ಎಂಜಿನ್ ತಣ್ಣಗಿರಲಿ. ಅಳೆಯುವ ವಾಲ್ವ್‌ನ ಗ್ಯಾಪ್ ಸೊನ್ನೆ ಮಾಡಿ. ಗೇಜಿನ ಮುಳ್ಳನ್ನು ಸ್ಪ್ರಿಂಗ್ ಮೇಲಿನ ಬಟ್ಟಲಿಗೆ ತಾಗಿಸಿ. ಮುಳ್ಳು ವಾಲ್ವ್ ಕಾಂಡದ ದಿಕ್ಕಿನಲ್ಲೇ ನೇರ ಇರಬೇಕು, ಓರೆಯಾದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ಕೈಯಿಂದ ತಿರುಗಿಸಿ ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ಪುಶ್‌ರಾಡ್ ಕಡೆಯೂ ಹೀಗೇ ಅಳೆದು, ವಾಲ್ವ್‌ನ ಅಂಕಿಯನ್ನು ಆ ಅಂಕಿಯಿಂದ ಭಾಗಿಸಿದರೆ ನಿಜವಾದ ಅನುಪಾತ ಸಿಗುತ್ತದೆ. ಆಮೇಲೆ ಗ್ಯಾಪ್ ಮತ್ತೆ ಸರಿಮಾಡಿ.

ಸ್ಟಾರ್ಟ್ ಮಾಡುವ ಮುಂಚೆ ಇದನ್ನು ಖಂಡಿತ ನೋಡಿ: ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಬಾರದು, ಪುಶ್‌ರಾಡ್ ತನ್ನ ತೂತಿನ ಅಂಚಿಗೆ ಉಜ್ಜಬಾರದು. ಸುಮ್ನೆ ಬಿಟ್ಟರೆ ಪುಶ್‌ರಾಡ್ ಬಾಗುತ್ತದೆ.

ಇನ್ನೊಂದು ಮಾತು. ಈ ಎಂಜಿನ್‌ನಲ್ಲಿ ರಾಕರ್ ಸ್ಟ್ಯಾಂಡಿನ ಕೆಲವು ನಟ್ಟುಗಳೇ ಹೆಡ್ಡನ್ನೂ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಹಿಡಿದಿರುತ್ತವೆ. ಆದ್ದರಿಂದ ರಾಕರ್ ಬಿಚ್ಚುವ ಮೊದಲು ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸಡಿಲಿಸಿ. ಇಲ್ಲದಿದ್ದರೆ ಹೆಡ್ ಸೊಟ್ಟಗಾಗಬಹುದು.

ಲಾಭ ಕಾಣುವುದು ಎಂಜಿನ್ ಜೋರಾಗಿ ತಿರುಗುವಾಗ, ಹುಮನಾಬಾದ್ ರಸ್ತೆಯಲ್ಲಿ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.