ನನ್ನ ಬಳಿ 1797ರ ಬ್ರಿಟಿಷ್ ತಾಮ್ರದ ಪೆನ್ನಿ ಇದೆ. ಕಂದು ಬಣ್ಣ ಹೋಗಿ ಹೊಸದರಂತೆ ಹೊಳೆಯಲು ಏನು ಮಾಡಬೇಕು? ಇಂಥವೇ ಚೆನ್ನಾಗಿರುವ ನಾಣ್ಯ ಸಂಗ್ರಹಿಸುವ ಆಸೆಯೂ ಇದೆ.

ಏನೂ ಮಾಡಬೇಡಿ. ಹುಣಸೆಹಣ್ಣು, ನಿಂಬೆ, ಉಪ್ಪು, ಪಾತ್ರೆ ಬೆಳಗುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ನಾನು ಶುರು ಮಾಡಿದಾಗ ನನ್ನ ಮೊದಲ ಪ್ರಶ್ನೆಯೂ ಇದೇ ಆಗಿತ್ತು. ದೇವರ ಮನೆಯ ತಂಬಿಗೆಯನ್ನು ವಾರವಾರ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನೋಡಿ ಬೆಳೆದವರಿಗೆ ಬೇರೇನು ತೋಚೀತು? ಆದರೆ ತಂಬಿಗೆ ಒಂದು ಪದರ ಸವೆದರೆ ಯಾರಿಗೂ ನಷ್ಟವಿಲ್ಲ. ನಾಣ್ಯದ ಬೆಲೆ ಇರುವುದೇ ಆ ಪದರದಲ್ಲಿ.

ನಿಮ್ಮ ಕೈಲಿರುವುದು 'ಕಾರ್ಟ್‌ವೀಲ್' (ಗಾಡಿಚಕ್ರ) ಪೆನ್ನಿ. ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ಅಚ್ಚು ಹಾಕಿಸಿದ್ದು. ಆ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ನಾಣ್ಯವನ್ನು ದೀಪದ ಕೆಳಗೆ ವಾಲಿಸಿದರೆ ಬೆಳಕಿನ ಪಟ್ಟಿಯೊಂದು ಅದರ ಮೇಲೆ ಸುತ್ತುತ್ತದೆ, ರೇಷ್ಮೆ ಸೀರೆಯನ್ನು ಅತ್ತಿತ್ತ ಆಡಿಸಿದಾಗ ಹೊಳಪು ಓಡಾಡುವ ಹಾಗೆ. ಟಂಕಸಾಲೆಯ ಹೊಳಪು ಅಂದರೆ ಇದು. ಇದು ಆ ಗೆರೆಗಳದ್ದು, ಬಣ್ಣದ್ದಲ್ಲ. ಆದ್ದರಿಂದಲೇ ಪೂರ್ತಿ ಚಾಕೊಲೇಟ್ ಬಣ್ಣಕ್ಕೆ ತಿರುಗಿದ ನಾಣ್ಯದಲ್ಲೂ ಅದು ಉಳಿದಿರಬಹುದು.

ಕಂದು ಬಣ್ಣ ಕೊಳೆಯಲ್ಲ. ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಆದ ತೆಳು ಆಕ್ಸೈಡ್ ಪದರ. ಗಟ್ಟಿಯಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತಿರುತ್ತದೆ. ಹುಣಸೆಯ ಆಮ್ಲ ಮೊದಲು ಕರಗಿಸುವುದು ಇದನ್ನೇ. ಜೊತೆಗೆ ಹರಿವಿನ ಗೆರೆಗಳಲ್ಲಿದ್ದ ತಾಮ್ರವೂ ಹೋಗುತ್ತದೆ, ಏಕೆಂದರೆ ಆಕ್ಸೈಡ್ ಹುಟ್ಟಿದ್ದೇ ಆ ತಾಮ್ರದಿಂದ. ಉಳಿಯುವುದು ಸಣ್ಣ ಸಣ್ಣ ಗುಂಡಿಗಳ, ಮಂಕು ಗುಲಾಬಿ ಬಣ್ಣದ ಲೋಹ. ತಿಕ್ಕಿದರಂತೂ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಬೀಳುತ್ತವೆ, ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಉಪ್ಪು ಸೇರಿಸಿದ್ದರೆ ಇನ್ನೂ ಕೆಟ್ಟದ್ದು: ರಂಧ್ರಗಳಲ್ಲಿ ಕ್ಲೋರೈಡ್ ಉಳಿದು, ಮುಂದಿನ ಮಳೆಗಾಲಕ್ಕೆ ಹಸಿರು ಪುಡಿಯಾಗಿ ಹೊರಬರುತ್ತದೆ. ಕೆಲವು ತಿಂಗಳಲ್ಲಿ ನಾಣ್ಯ ಮತ್ತೆ ಕಪ್ಪಾಗುತ್ತದೆ, ಈ ಸಲ ಮಚ್ಚೆ ಮಚ್ಚೆಯಾಗಿ. ಹೀಗೆ ಬೆಳಗಿದ ನಾಣ್ಯದಲ್ಲಿ ರಾಜನ ಕೂದಲೆಳೆ ಎಷ್ಟೇ ಸ್ಪಷ್ಟವಾಗಿದ್ದರೂ ಬಲ್ಲವರು ಸವೆದ ನಾಣ್ಯದ ಬೆಲೆಯನ್ನಷ್ಟೇ ಕೊಡುತ್ತಾರೆ. ಇದಕ್ಕೆ ರಿಪೇರಿ ಇಲ್ಲ.

ಜಿಡ್ಡು, ಹಳೆಯ ಪ್ಲಾಸ್ಟಿಕ್ಕಿನ ಅಂಟು ಇದ್ದರೆ ಮಾತ್ರ ಅಸಿಟೋನ್ ಎಂಬ ದ್ರಾವಕ. ಪ್ರಯೋಗಾಲಯದ ಸಾಮಗ್ರಿ ಮಾರುವವರ ಬಳಿ ಶುದ್ಧವಾದದ್ದು ಸಿಗುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಇರುತ್ತವೆ. ಗಾಜಿನ ಬಟ್ಟಲಿನಲ್ಲಿ ಕಾಲು ಗಂಟೆ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಮೃದು ಬಟ್ಟೆಯ ಮೇಲಿಟ್ಟು ತಾನಾಗಿ ಒಣಗಲು ಬಿಡಿ. ಒರೆಸಬಾರದು. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರಬಾರದು, ಥಟ್ಟನೆ ಬೆಂಕಿ ಹಿಡಿಯುವ ವಸ್ತು ಅದು. ಗಟ್ಟಿಯಾದ, ನಯವಾದ ಹಸಿರು ಕಲೆಯನ್ನು ಅದರ ಪಾಡಿಗೆ ಬಿಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಇಡಿ, ಅದು ಒಳಗೊಳಗೇ ತಿನ್ನುತ್ತಿದೆ.

ಇಡುವ ವಿಷಯ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆಯ ಆಲ್ಬಮ್ ಹಾಳೆಗಳು ಪಿವಿಸಿ. ಕಾಲಕ್ರಮೇಣ ಹಸಿರು ಲೋಳೆ ಬಿಡುತ್ತವೆ. ಮೈಲಾರ್ (ಪಾಲಿಯೆಸ್ಟರ್ ಹಾಳೆ) ಲಕೋಟೆ ಅಥವಾ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಬಳಸಿ. ಇಂಗ್ಲೆಂಡಿನ ಹಳೆಯ ಸಂಗ್ರಾಹಕರು ಮಹಾಗನಿ ಕಪಾಟು ಮಾಡಿಸುತ್ತಿದ್ದರು. ಓಕ್ ಮರ ಆಮ್ಲದ ಆವಿ ಬಿಡುತ್ತದೆ, ಅದು ಬೇಡ. ನಮ್ಮ ಕಡೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಸಾಕು. 40 ಶೇಕಡಾಕ್ಕಿಂತ ಕೆಳಗೆ ಇಟ್ಟುಕೊಳ್ಳಿ. ಮಂಗಳೂರು, ಕಾರವಾರದ ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ತೆರೆಯದಿರುವುದೇ ಒಳ್ಳೆಯದು. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರ ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ. ಅಂಚು ಹಿಡಿದೇ ಎತ್ತಿ. ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಹನಿ ಬಿದ್ದ ಕಡೆ ಕರಿ ಚುಕ್ಕೆ ಉಳಿಯುತ್ತದೆ.

ಇನ್ನು 'ಇಂಥವೇ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿರುವ ತಾಮ್ರ ಬೇಕು ಅನ್ನುವವರಿಗೆ ಕಾರ್ಟ್‌ವೀಲ್ ತಪ್ಪು ಆರಂಭ. ಪೆನ್ನಿ ಒಂದು ಔನ್ಸ್, ಅಂದರೆ 28.35 ಗ್ರಾಂ. ಎರಡು ಪೆನ್ಸಿನದ್ದು ಎರಡು ಔನ್ಸ್. ಜನ ಇವನ್ನು ಅಡುಗೆಮನೆಯ ತಕ್ಕಡಿಗೆ ತೂಕದ ಕಲ್ಲಾಗಿಯೂ ಬಳಸಿದರು. ಅಗಲ ಅಂಚು ನಡುವಿನ ಚಿತ್ರವನ್ನು ಕಾಪಾಡಿತು, ಏಟೆಲ್ಲ ತಾನು ತಿಂದಿತು. ಪೆಟ್ಟಿಲ್ಲದ ಅಂಚು ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಅದೇ ಸೋಹೊದ 1799ರ ಹಾಫ್‌ಪೆನ್ನಿ (12.6 ಗ್ರಾಂ), 1806 ಮತ್ತು 1807ರ ಪೆನ್ನಿ (18.9 ಗ್ರಾಂ) ನೋಡಿ. ಹೊಸ ತಾಮ್ರದ ಮೂಲ ಕೆಂಪು ಅಲ್ಲಲ್ಲಿ ಉಳಿದ ನಾಣ್ಯಗಳು ಇವುಗಳಲ್ಲಿ ಹೆಚ್ಚು ಸಿಗುತ್ತವೆ. ಆಮೇಲೆ ವಿಕ್ಟೋರಿಯಾ ರಾಣಿಯ ಕಾಲದ ತಾಮ್ರದ ಫಾರ್ದಿಂಗ್, ಅಂದರೆ ಕಾಲು ಪೆನ್ನಿ. 1860ರಲ್ಲಿ ಕಂಚು ಬಂತು, ಅಲ್ಲಿಗೆ ತಾಮ್ರದ ಕಥೆ ಮುಗಿಯುತ್ತದೆ. ಎಲ್ಲ ಇಸವಿಯನ್ನೂ ತುಂಬಿಸುವ ಹಟ ಬೇಡ, ಅಪರೂಪದ ಇಸವಿಗೆ ಆಸೆಪಟ್ಟು ಸವೆದ ನಾಣ್ಯ ಕೊಳ್ಳುವಂತಾಗುತ್ತದೆ.

ದಕ್ಷಿಣ ಭಾರತದ ನಂಟು ಬೇಕಾದರೆ ಸೋಹೊದಲ್ಲೇ ಅಚ್ಚಾದ, 1808ರ ಈಸ್ಟ್ ಇಂಡಿಯಾ ಕಂಪನಿಯ 10 ಮತ್ತು 20 ಕ್ಯಾಶ್ ನಾಣ್ಯ ಹುಡುಕಿ, ಕ್ಯಾಶ್ ಅಂದರೆ ಮದ್ರಾಸಿನ ಕಡೆಯ ಚಿಲ್ಲರೆ ತಾಮ್ರದ ಹಣ. ಇವನ್ನು ಹೊತ್ತು ಮದ್ರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡ್ನರ್' ಹಡಗು 1809ರ ಜನವರಿಯಲ್ಲಿ ಕೆಂಟ್ ತೀರದ ಗುಡ್‌ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಎತ್ತಿದ ನಾಣ್ಯಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಕಡಲ ಉಪ್ಪು ತಿಂದು ಮೈ ಒರಟಾದವನ್ನು ಬಿಟ್ಟು, ಕಂಪನಿ ಲಾಂಛನದ ಸಿಂಹಗಳು ಸ್ಪಷ್ಟವಾಗಿರುವುದನ್ನೇ ಆರಿಸಿ. ರಸ್ತೆಬದಿಯಲ್ಲಿ ರಾಮ, ಹನುಮಂತ ಇರುವ 'ಕಂಪನಿ ನಾಣ್ಯ' ಅಂತ ಮಾರುತ್ತಾರಲ್ಲ, ಅಂಥದ್ದನ್ನು ಕಂಪನಿ ಯಾವತ್ತೂ ಹೊರಡಿಸಿಲ್ಲ.

ನಕಲಿ ಪರೀಕ್ಷೆಗೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊದಲು ನಾಣ್ಯದ ತೂಕ ಬರೆದುಕೊಳ್ಳಿ. ಭಟ್ಟಿ ಇಳಿಸಿದ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ತಳ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿದರೆ 8.9ರ ಆಸುಪಾಸು ಬರಬೇಕು. ಸವೆಯದ ಕಾರ್ಟ್‌ವೀಲ್ ಪೆನ್ನಿಗೆ ಅಂಕಿ ಸುಮಾರು 3.18. ಹಿತ್ತಾಳೆಯಾದರೆ ಭಾಗಲಬ್ಧ 8.5ರ ಹತ್ತಿರಕ್ಕೆ ಇಳಿಯುತ್ತದೆ, ಒಳಗೆ ಸೀಸ ತುಂಬಿದ್ದರೆ 9 ದಾಟುತ್ತದೆ. ಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ದಾರ ಅಲುಗಿಸಿ ಬಿಡಿಸಿ. ಮುಗಿದ ಮೇಲೆ ಒಮ್ಮೆ ಅಸಿಟೋನ್‌ನಲ್ಲಿ ಅದ್ದಿ ತೇವ ತೆಗೆಯಿರಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ಫೋಟೊ ಸಾಲದು. ನಾಣ್ಯವನ್ನು ವಾಲಿಸುತ್ತಾ ತೆಗೆದ ಹತ್ತು ಸೆಕೆಂಡಿನ ವಿಡಿಯೊ ಕೇಳಿ, ಅಂಚಿನದ್ದೂ ಇರಲಿ. ಕೊಡಲ್ಲ ಅಂದವರ ಹತ್ತಿರ ಕೊಳ್ಳಬೇಡಿ.